ಬರೆಯದೆ ಉಳಿದ ಎರಡನೆಯ ಎಣಿಕೆ: ವಿಯೆನ್ನಾ ಫಿಲ್ಹಾರ್ಮೋನಿಕ್ ಕಾಪಾಡಿಕೊಂಡು ಬಂದ ವಾಲ್ಟ್ಸ್

ಒಂದು, ಎರಡು, ಮೂರು ಎಂದು ಗಡಿಯಾರದ ಮುಳ್ಳು ಚಲಿಸಿದಂತೆ ಸಮನಾಗಿ ಎಣಿಸುತ್ತ ಹೋದರೆ ವಾಲ್ಟ್ಸ್ ಸಿಗುತ್ತದೆ, ಆದರೆ ವಿಯೆನ್ನಾದ ವಾಲ್ಟ್ಸ್ ಸಿಗುವುದಿಲ್ಲ. ಆ ಊರಿನ ವಾದಕರು ಎರಡನೆಯ ಎಣಿಕೆಯನ್ನು ಅದು ಬರಬೇಕಾದ ಗಳಿಗೆಗಿಂತ ಕೂದಲೆಳೆಯಷ್ಟು ಮೊದಲೇ ನುಡಿಸಿ, ಮೂರನೆಯದನ್ನು ಅವಸರಪಡಿಸದೆ ಅದರ ಜಾಗಕ್ಕೆ ಬಿಟ್ಟುಕೊಡುತ್ತಾರೆ. ಹಾಗಾಗಿ ಒಂದರಿಂದ ಎರಡಕ್ಕೆ ಇರುವ ದಾರಿ ಕಿರಿದಾಗುತ್ತದೆ, ಎರಡರಿಂದ ಮೂರಕ್ಕೆ ಇರುವ ದಾರಿ ಅಷ್ಟೇ ಹಿಗ್ಗುತ್ತದೆ. ಮುದ್ರಿತ ಸ್ವರಲಿಪಿಯನ್ನು ತೆರೆದು ನೋಡಿದರೆ ಅಲ್ಲಿ ಕಾಣುವುದು ಸಮಾನ ಬೆಲೆಯ ಮೂರು ಸ್ವರಗಳು ಮಾತ್ರ. ಬೇಗ ನುಡಿಸಿ ಎಂಬ ಸೂಚನೆಯಾಗಲಿ, ಎಷ್ಟು ಬೇಗ ಎಂಬ ಅಳತೆಯಾಗಲಿ ಅದರಲ್ಲಿ ಇರುವುದಿಲ್ಲ. ಆದರೂ ವಿಯೆನ್ನಾ ಫಿಲ್ಹಾರ್ಮೋನಿಕ್ ವಾದ್ಯವೃಂದದ ಹತ್ತಾರು ಕಮಾನುಗಳು ಆ ಬರೆಯದ ಗಳಿಗೆಯಲ್ಲಿ ಒಟ್ಟಿಗೇ ತಂತಿಯನ್ನು ಮುಟ್ಟುತ್ತವೆ. ಕಾಗದದ ಮೇಲೆ ಇಲ್ಲದ ಈ ತಿಳಿವಳಿಕೆ ಎಲ್ಲಿಂದ ಬಂತು, ಯಾರಿಂದ ಯಾರಿಗೆ ದಾಟಿತು, ನಡುವೆ ಎಲ್ಲಿ ಕಡಿದುಹೋಗುವ ಹಂತಕ್ಕೆ ಬಂದಿತ್ತು ಎಂಬುದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ವಾಲ್ಟ್ಸ್ ಎಂದರೇನು ಎಂಬುದನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಮೂಲತಃ ಅದು ಗಂಡು ಹೆಣ್ಣು ಜೋಡಿಯಾಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ತಮ್ಮ ಸುತ್ತಲೂ ತಿರುಗುತ್ತ ಸಭಾಂಗಣದ ಸುತ್ತಲೂ ಸಾಗುವ ಕುಣಿತ. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರು ಕುಣಿಯುತ್ತಿದ್ದ ಲೆಂಡ್ಲರ್ ಎಂಬ ನಿಧಾನಗತಿಯ ಕುಣಿತ ಇದರ ಹಿರಿಯಕ್ಕ ಎನ್ನಬಹುದು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅದು ನಗರಕ್ಕೆ ಬಂದು ವೇಗ ಪಡೆಯಿತು. ನೆಪೋಲಿಯನ್ನನ ಯುದ್ಧಗಳ ನಂತರ ಯುರೋಪಿನ ಗಡಿಗಳನ್ನು ಮತ್ತೆ ಗೆರೆ ಎಳೆದು ನಿಗದಿಪಡಿಸಲು 1814–15ರಲ್ಲಿ ವಿಯೆನ್ನಾದಲ್ಲಿ ಸೇರಿದ ರಾಜರು, ಮಂತ್ರಿಗಳು, ರಾಯಭಾರಿಗಳ ಮಹಾಸಭೆಯ ಕಾಲದಲ್ಲಿ ಈ ಕುಣಿತ ಎಲ್ಲ ದೇಶಗಳವರ ಕಣ್ಣಿಗೂ ಬಿತ್ತು. ಲೆಕ್ಕದಲ್ಲಿ ಇದು ನಾವು ಕಚೇರಿಗಳಲ್ಲಿ ಹಾಕುವ ಮೂರೆಣಿಕೆಯ ರೂಪಕ ತಾಳಕ್ಕೆ ಹತ್ತಿರ. ಆದರೆ ಭಾರ ಬೀಳುವ ಬಗೆ ಬೇರೆ. ಮೊದಲ ಎಣಿಕೆಗೆ ದೊಡ್ಡ ಬಾಸ್ ಪಿಟೀಲುಗಳು ನೆಲ ಮುಟ್ಟಿಸಿದಂತೆ ಒಂದು ಕೆಳಸ್ವರ ಕೊಡುತ್ತವೆ. ಎರಡು ಮತ್ತು ಮೂರನೆಯ ಎಣಿಕೆಗಳನ್ನು ಎರಡನೆಯ ಸಾಲಿನ ಪಿಟೀಲುಗಳು, ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾಗಳು ಮತ್ತು ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯಗಳು ಹಗುರವಾಗಿ ತುಂಬುತ್ತವೆ. ಇವುಗಳ ಮೇಲೆ ಮೊದಲ ಸಾಲಿನ ಪಿಟೀಲುಗಳು ರಾಗದ ಎಳೆಯನ್ನು ಹಿಡಿದು ತೇಲುತ್ತವೆ. ಕುಣಿಯುವ ಜೋಡಿಗೆ ಒಂದು ಪೂರ್ತಿ ಸುತ್ತು ತಿರುಗಲು ಇಂತಹ ಎರಡು ಆವರ್ತ, ಅಂದರೆ ಆರು ಹೆಜ್ಜೆ ಬೇಕಾಗುತ್ತದೆ.

ಎರಡನೆಯ ಎಣಿಕೆ ಮುಂಚಿತವಾಗಿ ಬರುವುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆಯೂ ಕಾಲಿಗೆ ಸಂಬಂಧಿಸಿದ್ದೇ. ಮೊದಲ ಹೆಜ್ಜೆಯಲ್ಲಿ ಮೈಯನ್ನು ಮುಂದಕ್ಕೆ ನೂಕಿ ತಿರುವಿಗೆ ಬಲ ಕೊಟ್ಟಾಗ ಎರಡನೆಯ ಹೆಜ್ಜೆ ತಾನಾಗಿಯೇ ಬೀಸಿಕೊಂಡು ಬೇಗ ಬರುತ್ತದೆ. ಆ ಬೀಸು ಮುಗಿದು ಪಾದಗಳು ಕೂಡುವ ಮೂರನೆಯ ಹೆಜ್ಜೆಗೆ ಸ್ವಲ್ಪ ಬಿಡುವು ಸಿಗುತ್ತದೆ. ವಾದಕರು ಕುಣಿಯುವವರನ್ನು ನೋಡುತ್ತ ನುಡಿಸುತ್ತಿದ್ದ ಕಾಲದಲ್ಲಿ ಈ ಬೀಸು ಕಾಲಿನಿಂದ ಕೈಗೆ ಏರಿತು ಎಂದು ತಿಳಿಯಬಹುದು. ಆದರೆ ಇದನ್ನು ಸೂತ್ರವೆಂದು ಭಾವಿಸಿ ಪ್ರತಿ ಆವರ್ತದಲ್ಲೂ ಒಂದೇ ಪ್ರಮಾಣದಲ್ಲಿ ಹೇರಿದರೆ ಕೆಟ್ಟ ಅನುಕರಣೆಯಾಗುತ್ತದೆ. ರಾಗ ಹಾಡಿನಂತೆ ಎಳೆದುಕೊಂಡು ಹೋಗುವ ಭಾಗದಲ್ಲಿ ಅಸಮತೆ ಕಡಿಮೆಯಾಗುತ್ತದೆ, ಕುಣಿತದ ಉತ್ಸಾಹ ಏರಿದಲ್ಲಿ ಹೆಚ್ಚುತ್ತದೆ, ಪೀಠಿಕೆಯಲ್ಲಿ ಅದು ಇರುವುದೇ ಇಲ್ಲ. ಹೊಸ ಚರಣಕ್ಕೆ ಹೊರಳುವ ಮುನ್ನ ಇಡೀ ವೃಂದ ಒಂದು ಕ್ಷಣ ಉಸಿರು ಹಿಡಿದು ನಿಂತಂತೆ ತಡೆದು ಆಮೇಲೆ ಇಳಿಯುವುದೂ ಇದೇ ಬಗೆಯ ಬರೆಯದ ಕಟ್ಟಳೆ.

ಈ ಸಂಗೀತವನ್ನು ಕೇಳುವಾಗ ನಮ್ಮ ಕಿವಿ ಸಹಜವಾಗಿಯೇ ಮೊದಲ ಸಾಲಿನ ಪಿಟೀಲುಗಳ ಹಿಂದೆ ಹೋಗುತ್ತದೆ. ಒಮ್ಮೆ ಅದನ್ನು ಬಿಟ್ಟು ಎರಡನೆಯ ಸಾಲಿನ ವಾದಕರೊಬ್ಬರ ಬಲಗೈಯನ್ನು ಮಾತ್ರ ನೋಡುತ್ತ ಕೂತರೆ ವಾಲ್ಟ್ಸ್ ಬೇರೆಯೇ ಆಗಿ ಕಾಣುತ್ತದೆ. ಮೊದಲ ಎಣಿಕೆಗೆ ಆ ಕೈ ಸುಮ್ಮನಿರುತ್ತದೆ, ಕಮಾನು ತಂತಿಯ ಮೇಲೆ ಒಂದಿಷ್ಟು ಎತ್ತರದಲ್ಲಿ ತೂಗುತ್ತಿರುತ್ತದೆ. ಬಾಸ್ ಸ್ವರ ಹೊಮ್ಮಿದ ಕೂಡಲೇ, ಅದು ಪೂರ್ತಿ ಅರಳುವ ಮೊದಲೇ, ಕಮಾನು ಇಳಿದು ಎರಡು ಜೊತೆಸ್ವರಗಳನ್ನು ಬೆರಳುದ್ದದ ಎಳೆತದಲ್ಲಿ ಮುಟ್ಟಿ ಮತ್ತೆ ಮೇಲೇಳುತ್ತದೆ. ನಂತರ ಮೂರನೆಯದು, ಇನ್ನೂ ಹಗುರವಾಗಿ. ಹತ್ತು ನಿಮಿಷಗಳ ಒಂದು ವಾಲ್ಟ್ಸ್‌ನಲ್ಲಿ ಆ ವಾದಕರು ಈ ಕೆಲಸವನ್ನು ನೂರಾರು ಸಲ ಮಾಡುತ್ತಾರೆ. ಜರ್ಮನ್ ಭಾಷೆಯಲ್ಲಿ ಇದನ್ನು ನಾಖ್‌ಶ್ಲಾಗ್, ಅಂದರೆ ‘ನಂತರದ ಪೆಟ್ಟು’ ಎನ್ನುತ್ತಾರೆ. ಬೇರೆ ಸಂಗೀತದಲ್ಲಿ ಪಕ್ಕವಾದ್ಯದ ಯಾಂತ್ರಿಕ ದುಡಿಮೆಯಂತೆ ತೋರುವ ಈ ಎರಡು ಪೆಟ್ಟುಗಳಲ್ಲೇ ವಿಯೆನ್ನಾದ ಉಚ್ಚಾರ ಇದೆ. ರಾಗವನ್ನು ಯಾವ ಊರಿನ ಒಳ್ಳೆಯ ವಾದಕರಾದರೂ ಚೆನ್ನಾಗಿ ನುಡಿಸಬಲ್ಲರು. ಈ ಪಕ್ಕದ ಪೆಟ್ಟು ಸರಿಯಾಗಿ ಬೀಳುವುದು ಮಾತ್ರ ಆ ಊರಿನ ಬಳಕೆ ಇದ್ದವರಿಗೇ ಎಂದು ನನಗೆ ಪ್ರತಿ ಸಲವೂ ಅನ್ನಿಸಿದೆ.

ಕರ್ನಾಟಕ ಸಂಗೀತದಲ್ಲಿ ಬೆಳೆದ ಕಿವಿಗೆ ಇದು ತೀರ ಅಪರಿಚಿತ ಸಂಗತಿಯಲ್ಲ. ಪುಸ್ತಕದಲ್ಲಿ ‘ಗ’ ಎಂದು ಒಂದೇ ಅಕ್ಷರ ಮುದ್ರಿಸಿದ್ದರೂ ತೋಡಿಯಲ್ಲಿ ಆ ಗಾಂಧಾರ ಹೇಗೆ ತೂಗಬೇಕು ಎಂಬುದು ಗುರುವಿನ ಮುಂದೆ ಕೂತವರಿಗೆ ಮಾತ್ರ ತಿಳಿಯುತ್ತದೆ. ಮಿಶ್ರಛಾಪುವಿನ ಮೂರು ಮತ್ತು ನಾಲ್ಕರ ನಡುವಿನ ಓಲಾಟವೂ ಎಣಿಕೆಯಿಂದಲ್ಲ, ಕೇಳಿಕೆಯಿಂದ ಕೂರುತ್ತದೆ. ಅಷ್ಟೇ ಅಲ್ಲದೆ, ಮುತ್ತುಸ್ವಾಮಿ ದೀಕ್ಷಿತರು ಯುರೋಪಿನ ಬ್ಯಾಂಡ್ ಮಟ್ಟುಗಳನ್ನು ಕೇಳಿ ಶಂಕರಾಭರಣದ ಸ್ವರಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ರಚಿಸಿದ ನೋಟ್ಟುಸ್ವರಗಳಲ್ಲಿ ‘ಶಕ್ತಿ ಸಹಿತ ಗಣಪತಿಂ’ ಮೊದಲಾದವು ಮೂರರ ನಡೆಯಲ್ಲೇ ಇವೆ. ಸಂಗೀತ ಕಲಿಯುವ ಎಳೆಯರು ಇಂದಿಗೂ ಅದನ್ನು ಹಾಡುತ್ತಾರೆ. ಆದರೆ ಅಲ್ಲಿ ಮೂರೂ ಎಣಿಕೆಗಳು ಸಮನಾಗಿಯೇ ಬೀಳುತ್ತವೆ. ಲಿಪಿಯ ಮೂಲಕ, ಮಟ್ಟಿನ ಮೂಲಕ ದೂರದ ನಾಡಿಗೆ ಬರುವುದು ಮೂರರ ಲೆಕ್ಕ ಮಾತ್ರ, ಅದರ ಓಲಾಟ ಬರುವುದಿಲ್ಲ ಎಂಬುದಕ್ಕೆ ನಮ್ಮ ಬಳಿಯೇ ಇರುವ ಉದಾಹರಣೆ ಇದು.

ಹಾಗಾದರೆ ವಿಯೆನ್ನಾದಲ್ಲಿ ಗುರುಪರಂಪರೆಯ ಜಾಗದಲ್ಲಿ ಏನಿದೆ? ಉತ್ತರ ವೃಂದದ ರಚನೆಯಲ್ಲೇ ಇದೆ. ಒಟ್ಟೊ ನಿಕೊಲಾಯ್ ಎಂಬ ಸಂಗೀತಗಾರ 1842ರ ಮಾರ್ಚ್ 28ರಂದು ವಿಯೆನ್ನಾದ ಆಸ್ಥಾನ ಒಪೆರಾದ ವಾದಕರನ್ನು ಕೂಡಿಸಿ ನಡೆಸಿದ ಕಚೇರಿಯಿಂದ ಫಿಲ್ಹಾರ್ಮೋನಿಕ್‌ನ ಇತಿಹಾಸ ಆರಂಭವಾಗುತ್ತದೆ. ಇಂದಿಗೂ ಅದರ ಸದಸ್ಯರಾಗಬೇಕಾದರೆ ಮೊದಲು ವಿಯೆನ್ನಾ ಸ್ಟೇಟ್ ಒಪೆರಾದ ವಾದ್ಯವೃಂದಕ್ಕೆ ಆಯ್ಕೆಯಾಗಬೇಕು, ಅಲ್ಲಿ ಕನಿಷ್ಠ ಮೂರು ವರ್ಷ ನುಡಿಸಿದ ಮೇಲಷ್ಟೇ ಸದಸ್ಯತ್ವ ಕೇಳಬಹುದು. ಸಂಸ್ಥೆಯನ್ನು ವಾದಕರೇ ತಮ್ಮೊಳಗಿಂದ ಆರಿಸಿದ ಪದಾಧಿಕಾರಿಗಳ ಮೂಲಕ ನಡೆಸುತ್ತಾರೆ. 1933ರಿಂದ ಈಚೆಗೆ ಅದಕ್ಕೆ ಕಾಯಂ ನಿರ್ದೇಶಕರೇ, ಅಂದರೆ ಮುಂದೆ ನಿಂತು ಕೈಸನ್ನೆಯಿಂದ ವೃಂದವನ್ನು ನಡೆಸುವವರೇ, ಇಲ್ಲ. ಪ್ರತಿ ಕಾರ್ಯಕ್ರಮಕ್ಕೂ ನಿರ್ದೇಶಕರನ್ನು ವಾದಕರು ಆಹ್ವಾನಿಸುತ್ತಾರೆ. ಇದರ ಪರಿಣಾಮ ಸಣ್ಣದಲ್ಲ. ನಿರ್ದೇಶಕರು ಬಂದು ಹೋಗುತ್ತಾರೆ, ಧ್ವನಿ ಮತ್ತು ಲಯದ ರೂಢಿ ಮಾತ್ರ ವಾದಕರ ಬಳಿಯೇ ಉಳಿಯುತ್ತದೆ. ಹಿರಿಯ ವಾದಕರೇ ಊರಿನ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕರಾಗಿರುವುದು, ಅವರ ಶಿಷ್ಯರು ಮುಂದೆ ಅದೇ ವೃಂದದಲ್ಲಿ ಪಕ್ಕದ ಕುರ್ಚಿಗೆ ಬರುವುದು ಹಲವು ತಲೆಮಾರುಗಳಿಂದ ನಡೆದಿದೆ. ವಾದ್ಯಗಳಲ್ಲೂ ಅದೇ ಹಟವಿದೆ. ಬೇರೆಡೆ ಎಲ್ಲರೂ ಕೈಬಿಟ್ಟ ಹಳೆಯ ರಚನೆಯ ಎಫ್ ಹಾರ್ನ್, ವಿಯೆನ್ನಾ ಮಾದರಿಯ ಓಬೊ, ಆಡಿನ ಚರ್ಮ ಬಿಗಿದ ನಗಾರಿಗಳನ್ನು ಈ ವೃಂದ ಬಿಟ್ಟುಕೊಟ್ಟಿಲ್ಲ.

ಇಷ್ಟನ್ನು ಓದಿದವರಿಗೆ ವಾಲ್ಟ್ಸ್ ಆರಂಭದಿಂದಲೂ ಈ ವೃಂದದ ಆಸ್ತಿ ಎಂದು ತೋರಬಹುದು. ನಿಜ ಸಂಗತಿ ಹಾಗಿಲ್ಲ. ವಾಲ್ಟ್ಸ್ ಹುಟ್ಟಿ ಬೆಳೆದದ್ದು ಹೆಂಡದಂಗಡಿ, ಉದ್ಯಾನ ಮತ್ತು ಕುಣಿತದ ಸಭಾಂಗಣಗಳಲ್ಲಿ, ಬೇರೆಯೇ ವಾದಕರ ಕೈಯಲ್ಲಿ. ಯೋಸೆಫ್ ಲಾನ್ನರ್ (1801–1843) ಕಟ್ಟಿದ ಚಿಕ್ಕ ತಂಡದಲ್ಲಿ ಯೋಹಾನ್ ಸ್ಟ್ರಾಸ್ (1804–1849) ವಯೋಲಾ ನುಡಿಸುತ್ತಿದ್ದ. ಕೆಲವು ವರ್ಷಗಳಲ್ಲಿ ಆತ ಬೇರೆಯಾಗಿ ಸ್ವಂತ ವೃಂದ ಕಟ್ಟಿ, ಅದನ್ನು ಯುರೋಪಿನ ಉದ್ದಗಲಕ್ಕೂ ಕರೆದೊಯ್ದ. ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದ ವರ್ಷವಾದ 1838ರಲ್ಲಿ ಆ ವೃಂದ ಇಂಗ್ಲೆಂಡಿನಲ್ಲಿತ್ತು. ಮಗ ಸಂಗೀತಗಾರನಾಗುವುದು ತಂದೆಗೆ ಇಷ್ಟವಿರಲಿಲ್ಲ. ಆದರೂ ಅದೇ ಹೆಸರಿನ ಮಗ, ಇಂದು ಜಗತ್ತು ‘ವಾಲ್ಟ್ಸ್ ರಾಜ’ ಎಂದು ಕರೆಯುವ ಎರಡನೆಯ ಯೋಹಾನ್ ಸ್ಟ್ರಾಸ್ (1825–1899), ತನ್ನ ಹತ್ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಹತ್ತು ದಿನ ಮೊದಲು, 1844ರ ಅಕ್ಟೋಬರ್ 15ರಂದು, ಹೀಟ್‌ಸಿಂಗ್‌ನ ಡೊಮ್ಮೈಯರ್ ಕ್ಯಾಸಿನೊದಲ್ಲಿ ಸ್ವಂತ ವೃಂದದೊಡನೆ ಜನರ ಮುಂದೆ ನಿಂತ. 1849ರಲ್ಲಿ ತಂದೆ ತೀರಿಕೊಂಡ ಮೇಲೆ ಎರಡೂ ವೃಂದಗಳು ಒಂದಾದವು. ಬಿಡುವಿಲ್ಲದ ದುಡಿಮೆಯಿಂದ ಯೋಹಾನನ ಆರೋಗ್ಯ ಕೆಟ್ಟಾಗ ಎಂಜಿನಿಯರ್ ಆಗಿದ್ದ ತಮ್ಮ ಯೋಸೆಫ್ 1853ರಲ್ಲಿ ಮನಸ್ಸಿಲ್ಲದ ಮನಸ್ಸಿನಿಂದ ವೃಂದದ ಮುಂದೆ ಬಂದ. ಕೊನೆಗೆ ಆತ ಅಣ್ಣನಷ್ಟೇ ಆಳವಾದ ರಚನೆಗಳನ್ನು ಬಿಟ್ಟುಹೋದ. ಕಿರಿಯವ ಎಡ್ವರ್ಡ್ ಮೂರನೆಯವನಾಗಿ ಸೇರಿಕೊಂಡ.

ಇವರಿಗೆ ಅನ್ನ ಕೊಟ್ಟದ್ದು ಚಳಿಗಾಲದ ಬಾಲ್ ಋತು. ವಿಯೆನ್ನಾದ ಪ್ರತಿ ವೃತ್ತಿಯವರೂ ತಮ್ಮದೇ ಬಾಲ್, ಅಂದರೆ ಕುಣಿತದ ಕೂಟ ಏರ್ಪಡಿಸುತ್ತಿದ್ದರು, ಪ್ರತಿ ಕೂಟಕ್ಕೂ ಹೊಸ ವಾಲ್ಟ್ಸ್ ಬೇಕಾಗುತ್ತಿತ್ತು. ರಚನೆಗಳ ಹೆಸರುಗಳಲ್ಲೇ ಆ ಲೋಕ ಕಾಣಿಸುತ್ತದೆ: ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೂಟಕ್ಕೆ ಬರೆದದ್ದು ‘ವೇಗವರ್ಧನೆಗಳು’, ಪತ್ರಕರ್ತರ ಸಂಘಕ್ಕೆ ‘ಬೆಳಗಿನ ಪತ್ರಿಕೆಗಳು’, ವೈದ್ಯರ ಕೂಟಕ್ಕೆ ಯೋಸೆಫ್ ಬರೆದದ್ದು ‘ಗ್ರಹಗೋಳಗಳ ನಾದ’. ಸ್ಟ್ರಾಸ್ ಸೋದರರು ಕೈಯಲ್ಲಿ ಪಿಟೀಲು ಹಿಡಿದು, ಕೆಲವೆಡೆ ನುಡಿಸುತ್ತ, ಕೆಲವೆಡೆ ಕಮಾನಿನಿಂದಲೇ ಸನ್ನೆ ಮಾಡುತ್ತ ವೃಂದವನ್ನು ನಡೆಸುತ್ತಿದ್ದರು.

ಆ ಕಾಲಕ್ಕೆ ಗಟ್ಟಿಯಾದ ವಾಲ್ಟ್ಸ್‌ನ ಚೌಕಟ್ಟನ್ನು ತಿಳಿಯಲು ‘ಸುಂದರ ನೀಲಿ ಡ್ಯಾನ್ಯೂಬ್ ತೀರದಲ್ಲಿ’ ಎಂಬ 314ನೆಯ ಕೃತಿಗಿಂತ ಒಳ್ಳೆಯ ದಾರಿಯಿಲ್ಲ. ಮೊದಲು ನಿಧಾನದ ಪೀಠಿಕೆ: ಪಿಟೀಲುಗಳ ಕಮಾನುಗಳು ತಂತಿಯ ಮೇಲೆ ಸಣ್ಣಗೆ ನಡುಗುತ್ತಿರುತ್ತವೆ, ಅದರೊಳಗಿಂದ ಹಾರ್ನ್ ಮೂರು ಸ್ವರಗಳ ಏಣಿಯನ್ನು ಮೆಲ್ಲಗೆ ಏರುತ್ತದೆ. ಆಮೇಲೆ ಒಂದರ ಹಿಂದೆ ಒಂದಾಗಿ ಐದು ಕಿರು ವಾಲ್ಟ್ಸ್‌ಗಳು, ಪ್ರತಿಯೊಂದರಲ್ಲೂ ಎರಡೆರಡು ಭಾಗ. ಕೊನೆಗೆ ಹಿಂದಿನ ರಾಗಗಳನ್ನು ಮತ್ತೆ ನೆನಪಿಗೆ ತಂದುಕೊಡುವ ಮುಕ್ತಾಯ. ಹೆಸರಿಗೆ ಒಂದು ವಾಲ್ಟ್ಸ್ ಆದರೂ ಅದು ವಾಸ್ತವವಾಗಿ ಮಾಲೆ. ಹಿಂದಿನ ವರ್ಷವಷ್ಟೇ ಪ್ರಷ್ಯಾದ ಎದುರು ಕೋನಿಗ್‌ಗ್ರೆಟ್ಸ್ ಕದನದಲ್ಲಿ ಸೋತು ಕುಗ್ಗಿದ್ದ ಊರಿನಲ್ಲಿ, 1867ರ ಫೆಬ್ರುವರಿ 15ರಂದು, ಡಿಯಾನಾಬಾಡ್ ಸಭಾಂಗಣದಲ್ಲಿ ಇದನ್ನು ಮೊದಲು ಹಾಡಿದ್ದು ಪುರುಷರ ಗಾಯನ ಸಂಘ. ಹೌದು, ಮೊದಲಿಗೆ ಇದಕ್ಕೆ ಸಾಹಿತ್ಯವಿತ್ತು. ವಿಯೆನ್ನಾದವರೇ ಸಂತೋಷವಾಗಿರಿ ಎಂದರೆ, ಏಕೆ ಎಂದು ಕೇಳುವ ಅಣಕದ ಸಾಲುಗಳನ್ನು ಯೋಸೆಫ್ ವೈಲ್ ಬರೆದಿದ್ದ. ಅದೇ ವರ್ಷ ಪ್ಯಾರಿಸ್‌ನ ಜಾಗತಿಕ ವಸ್ತುಪ್ರದರ್ಶನದ ಹೊತ್ತಿಗೆ ಮಾತಿಲ್ಲದ ವಾದ್ಯರೂಪ ಪ್ರಸಿದ್ಧಿಗೆ ಬಂತು. ಗಂಭೀರ ಸಂಗೀತದ ಶಿಖರವೆನಿಸಿದ್ದ ಬ್ರಾಮ್ಸ್, ಸ್ಟ್ರಾಸ್ ಮನೆಯವರ ಬೀಸಣಿಗೆಯ ಮೇಲೆ ಈ ಕೃತಿಯ ಮೊದಲ ಸ್ವರಗಳನ್ನು ಬರೆದು, ಕೆಳಗೆ ‘ದುರದೃಷ್ಟವಶಾತ್ ಯೊಹಾನೆಸ್ ಬ್ರಾಮ್ಸ್‌ನದಲ್ಲ’ ಎಂದು ಸಹಿ ಹಾಕಿದನಂತೆ.

ಬ್ರಾಮ್ಸ್‌ಗೆ ಇದ್ದ ಈ ಔದಾರ್ಯ ಫಿಲ್ಹಾರ್ಮೋನಿಕ್‌ಗೆ ಬಹುಕಾಲ ಇರಲಿಲ್ಲ. ಬೀಥೋವನ್ ನುಡಿಸಿ ಗಳಿಸಿದ ಘನತೆಗೆ ಕುಣಿತದ ಸಂಗೀತದಿಂದ ಕುಂದು ಬಂದೀತೆಂಬ ಅಂಜಿಕೆ ಅದಕ್ಕಿತ್ತು. 1873ರ ಏಪ್ರಿಲ್ 22ರಂದು, ಆಸ್ಥಾನ ಒಪೆರಾದ ಕೂಟಕ್ಕಾಗಿ ಮ್ಯೂಸಿಕ್‌ಫೆರೈನ್ ಕಟ್ಟಡದಲ್ಲಿ, ಸ್ಟ್ರಾಸ್ ತನ್ನ ಹೊಸ ‘ವಿಯೆನ್ನಾದ ರಕ್ತ’ ವಾಲ್ಟ್ಸ್ ಅನ್ನು ಈ ವೃಂದದಿಂದ ನುಡಿಸಿದ; ಅದೇ ಅವರ ಮೊದಲ ಭೇಟಿ. ಮುಂದೆ ಆಗೊಮ್ಮೆ ಈಗೊಮ್ಮೆ ಇಂತಹ ಸಂದರ್ಭಗಳು ಒದಗಿದವು. 1899ರ ಮೇ 22ರಂದು ಒಪೆರಾದಲ್ಲಿ ತನ್ನದೇ ‘ಬಾವಲಿ’ ನಾಟಕದ ಪೀಠಿಕಾ ಸಂಗೀತವನ್ನು ನಡೆಸಿದ ಸ್ಟ್ರಾಸ್ ಆಮೇಲೆ ನ್ಯುಮೋನಿಯಾಕ್ಕೆ ತುತ್ತಾಗಿ ಜೂನ್ 3ರಂದು ತೀರಿಕೊಂಡ.

ಸ್ಟ್ರಾಸ್ ಕುಟುಂಬದ ಸ್ವಂತ ವೃಂದದ ಕಥೆ ಮುಗಿದ ಬಗೆ ನೆನೆದರೆ ಸಂಕಟವಾಗುತ್ತದೆ. ಅಮೆರಿಕ ಪ್ರವಾಸದಿಂದ ಮರಳಿದ ಎಡ್ವರ್ಡ್ 1901ರಲ್ಲಿ ಅದನ್ನು ವಿಸರ್ಜಿಸಿದ. ಆರು ವರ್ಷಗಳ ನಂತರ, 1907ರಲ್ಲಿ, ವೃಂದದ ದಶಕಗಳ ಕೈಬರಹದ ಸ್ವರಲಿಪಿಗಳ ಭಂಡಾರವನ್ನು ಕುಲುಮೆಗೆ ಹಾಕಿಸಿ ಸುಡಿಸಿದ. ತಮ್ಮಿಬ್ಬರಲ್ಲಿ ಉಳಿದವನು ಇದನ್ನು ನಾಶಮಾಡಬೇಕೆಂದು ಯೋಸೆಫ್‌ನೊಡನೆ ಆದ ಒಪ್ಪಂದವೇ ಕಾರಣವೆಂದು ಆತ ಹೇಳಿಕೊಂಡ. ವೃಂದವೂ ಇಲ್ಲ, ಅದು ನಿತ್ಯ ಬಳಸುತ್ತಿದ್ದ ಹಾಳೆಗಳೂ ಇಲ್ಲ ಎಂಬ ಸ್ಥಿತಿಯಲ್ಲಿ ಉಳಿದದ್ದು ಮುದ್ರಿತ ಪ್ರತಿಗಳು ಮತ್ತು ಅದನ್ನು ಕೇಳಿ, ಕುಣಿದು, ನುಡಿಸಿ ಬೆಳೆದ ಊರಿನ ಜನರ ಕಿವಿ.

ಫಿಲ್ಹಾರ್ಮೋನಿಕ್ ಆ ಎಳೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡದ್ದು ಇದರ ನಂತರ. 1921ರಲ್ಲಿ ನಗರದ ಉದ್ಯಾನದಲ್ಲಿ ಸ್ಟ್ರಾಸ್ ಪ್ರತಿಮೆಯ ಅನಾವರಣವಾದಾಗ, 1925ರಲ್ಲಿ ಜನ್ಮಶತಮಾನೋತ್ಸವ ನಡೆದಾಗ ಅದು ಅವನ ಸಂಗೀತವನ್ನು ನುಡಿಸಿತು. 1929ರಿಂದ ನಿರ್ದೇಶಕ ಕ್ಲೆಮೆನ್ಸ್ ಕ್ರೌಸ್ ಸಾಲ್ಸ್‌ಬರ್ಗ್ ಉತ್ಸವದಲ್ಲಿ ಪೂರ್ತಿ ಸ್ಟ್ರಾಸ್ ಕಚೇರಿಗಳನ್ನು ನಡೆಸಿದ. ಆದರೆ ಇಂದು ಜಗತ್ತೆಲ್ಲ ನೋಡುವ ಹೊಸ ವರ್ಷದ ಕಚೇರಿ ಹುಟ್ಟಿದ್ದು ನಾಜಿ ಆಳ್ವಿಕೆಯಲ್ಲಿ. ಮೊದಲನೆಯದು ನಡೆದದ್ದು 1939ರ ಡಿಸೆಂಬರ್ 31ರಂದು, ಅದರ ಹಣ ಹೋದದ್ದು ನಾಜಿಗಳ ಯುದ್ಧಕಾಲದ ನಿಧಿಗೆ. 1941ರಿಂದ ಅದು ಜನವರಿ ಒಂದರ ಕಾರ್ಯಕ್ರಮವಾಯಿತು. ಇದನ್ನು ಮೃದುಗೊಳಿಸಿ ಹೇಳುವುದು ಸಲ್ಲದು. 1938ರಲ್ಲಿ ಯಹೂದಿ ವಾದಕರನ್ನು ಈ ವೃಂದದಿಂದ ಹೊರಹಾಕಲಾಗಿತ್ತು, ಅವರಲ್ಲಿ ಐವರು ನಾಜಿ ಶಿಬಿರಗಳಲ್ಲಿ ಸತ್ತರು. 1942ರ ಹೊತ್ತಿಗೆ ವೃಂದದ 123 ಸದಸ್ಯರಲ್ಲಿ 60 ಮಂದಿ ನಾಜಿ ಪಕ್ಷದಲ್ಲಿದ್ದರು. ಈ ವಿವರಗಳನ್ನು ಇತಿಹಾಸಕಾರರ ಮೂಲಕ ತೆರೆದಿಡಲು ವೃಂದ 2013ರವರೆಗೆ ಕಾಲ ತೆಗೆದುಕೊಂಡಿತು. ಸ್ಟ್ರಾಸ್ ಮನೆತನದ ಹಿರಿಯರೊಬ್ಬರು ಯಹೂದಿ ಮೂಲದವರೆಂದು ತೋರಿಸುತ್ತಿದ್ದ ಸೇಂಟ್ ಸ್ಟೀಫನ್ ಚರ್ಚಿನ ಮದುವೆ ದಾಖಲೆಯನ್ನೂ ಆ ಆಳ್ವಿಕೆ ಮರೆಮಾಚಿ ತಿದ್ದಿತು, ಏಕೆಂದರೆ ಈ ಸಂಗೀತ ಅದಕ್ಕೆ ಬೇಕಾಗಿತ್ತು.

ಇದೇ ಜಾಗದಲ್ಲಿ ಇನ್ನೊಂದು ವಾಲ್ಟ್ಸ್ ವೃಂದವನ್ನು ನೆನೆಯದೆ ಮುಂದೆ ಹೋಗಲಾರೆ. ಫಿಲ್ಹಾರ್ಮೋನಿಕ್‌ನ ಮೊದಲ ಪಿಟೀಲುಗಾರ ಆರ್ನೊಲ್ಡ್ ರೊಸೆ 1881ರಿಂದ 1938ರವರೆಗೆ, ಐವತ್ತೇಳು ವರ್ಷ, ಆ ಕುರ್ಚಿಯಲ್ಲಿ ಕೂತಿದ್ದರು. ಅವರ ಮಗಳು ಆಲ್ಮಾ ರೊಸೆ 1932ರಲ್ಲಿ ‘ವಿಯೆನ್ನಾದ ವಾಲ್ಟ್ಸ್ ಹುಡುಗಿಯರು’ ಎಂಬ ಅರ್ಥದ ಹೆಸರಿನ, ಮಹಿಳೆಯರೇ ಇದ್ದ ವೃಂದವನ್ನು ಕಟ್ಟಿ ಯುರೋಪಿನಲ್ಲೆಲ್ಲ ಸಂಚರಿಸಿದ್ದರು. ತಂದೆ ಲಂಡನ್ನಿಗೆ ತಪ್ಪಿಸಿಕೊಂಡು ಹೋಗಿ ಅಲ್ಲೇ 1946ರಲ್ಲಿ ಕಣ್ಣುಮುಚ್ಚಿದರು. ಮಗಳನ್ನು 1943ರಲ್ಲಿ ಔಷ್ವಿಟ್ಸ್ ಶಿಬಿರಕ್ಕೆ ಸಾಗಿಸಲಾಯಿತು. ಅಲ್ಲಿನ ಮಹಿಳಾ ಕೈದಿಗಳ ವಾದ್ಯವೃಂದವನ್ನು ಅವರು ನಡೆಸಿದರು. ನುಡಿಸುವವರ ಜೀವ ಉಳಿಯುವುದು ನುಡಿಸಿಕೆಯ ಮೇಲೆ ನಿಂತಿದ್ದ ಆ ಜಾಗದಲ್ಲಿ, ಸರಿಯಾಗಿ ನುಡಿಸಲು ಬಾರದವರಿಗೆ ಬರುವಂತೆ ಕಲಿಸಿ ಹಲವರನ್ನು ಉಳಿಸಿದರು. ಅವರೇ 1944ರ ಏಪ್ರಿಲ್‌ನಲ್ಲಿ ಅಲ್ಲಿ ತೀರಿಕೊಂಡರು. ವಿಯೆನ್ನಾದ ವಾಲ್ಟ್ಸ್ ಪರಂಪರೆ ಎಂದಾಗ ಹೊಸ ವರ್ಷದ ಕಚೇರಿ ನಡೆಯುವ ಮ್ಯೂಸಿಕ್‌ಫೆರೈನ್‌ನ ಬಂಗಾರದ ಸಭಾಂಗಣದೊಂದಿಗೆ ಇದೂ ಸೇರಿದೆ.

ಯುದ್ಧ ಮುಗಿದ ಮೇಲೆ 1946ರಲ್ಲಿ ಯೋಸೆಫ್ ಕ್ರಿಪ್ಸ್ ನಡೆಸಿದ ಕಚೇರಿಗೆ ಮೊದಲ ಬಾರಿ ‘ಹೊಸ ವರ್ಷದ ಕಚೇರಿ’ ಎಂಬ ಹೆಸರು ಬಂತು. ಈ ಕಚೇರಿಯ ಮುಂದಾಳತ್ವಕ್ಕೆ 1948ರಲ್ಲಿ ಮರಳಿದ ಕ್ರೌಸ್ 1954ರಲ್ಲಿ ತೀರಿಕೊಂಡಾಗ ವೃಂದ ಹೊರಗಿನವರನ್ನು ಕರೆಯದೆ ತನ್ನದೇ ಮೊದಲ ಪಿಟೀಲುಗಾರ ವಿಲ್ಲಿ ಬೊಸ್ಕೊವ್ಸ್ಕಿಯನ್ನು ಎಬ್ಬಿಸಿ ನಿಲ್ಲಿಸಿತು. ಸ್ಟ್ರಾಸ್‌ನಂತೆಯೇ ಪಿಟೀಲು ಹಿಡಿದು, ನುಡಿಸುತ್ತ ನಡೆಸುತ್ತ ಅವರು 1955ರಿಂದ 1979ರವರೆಗೆ 25 ವರ್ಷ ಈ ಕಚೇರಿಯನ್ನು ಮುನ್ನಡೆಸಿದರು. 1959ರಲ್ಲಿ ದೂರದರ್ಶನ ಪ್ರಸಾರ ಆರಂಭವಾಯಿತು. ಇಂದು ಅದು 90ಕ್ಕೂ ಹೆಚ್ಚು ದೇಶಗಳಿಗೆ ತಲುಪುತ್ತದೆ. ವಿಯೆನ್ನಾದಲ್ಲಿ ಬೆಳಗಿನ 11.15 ಎಂದರೆ ನಮ್ಮಲ್ಲಿ ಮಧ್ಯಾಹ್ನ 3.45. 1987ರಿಂದೀಚೆಗೆ ವರ್ಷವರ್ಷಕ್ಕೂ ನಿರ್ದೇಶಕರು ಬದಲಾಗುತ್ತಾರೆ. ಅವರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಐದು ಸಲ, 1990, 1995, 1998, 2007 ಮತ್ತು 2015ರಲ್ಲಿ, ಆ ವೇದಿಕೆಯಲ್ಲಿ ನಿಂತಿದ್ದಾರೆ. ಅವರು 1954ರಲ್ಲಿ, ಹದಿನೆಂಟರ ಹರೆಯದಲ್ಲಿ, ವಿಯೆನ್ನಾಕ್ಕೆ ಹೋಗಿ ಹಾನ್ಸ್ ಸ್ವರೊವ್ಸ್ಕಿಯವರಲ್ಲಿ ನಿರ್ದೇಶನ ಕಲಿತವರು. ಅಲ್ಲಿ ಅವರು ನುಡಿಸಿದ ವಾದ್ಯ ಬಾಸ್ ಪಿಟೀಲು, ವಾಲ್ಟ್ಸ್‌ನ ಮೊದಲ ಎಣಿಕೆಯನ್ನು ಹೊರುವ ವಾದ್ಯ. ಈ ಲಯ ರಕ್ತದಲ್ಲಿ ಬರುವುದಲ್ಲ, ಆ ಊರಿನಲ್ಲಿ ಕೂತು ಕಲಿತರೆ ಬರುವುದು ಎಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಕಚೇರಿಯ ಕೊನೆಗೆ ಸೇರಿಕೊಂಡಿರುವ ರೂಢಿಗಳೂ ಪ್ರಸಿದ್ಧವಾಗಿವೆ. ಡ್ಯಾನ್ಯೂಬ್‌ನ ಪೀಠಿಕೆಯ ನಡುಕ ಕೇಳಿಸಿದ ಕೂಡಲೇ ಸಭಿಕರು ಚಪ್ಪಾಳೆ ತಟ್ಟುತ್ತಾರೆ, ನಿರ್ದೇಶಕರು ನಿಲ್ಲಿಸಿ ತಿರುಗುತ್ತಾರೆ, ವೃಂದ ಒಕ್ಕೊರಲಿನಿಂದ ಹೊಸ ವರ್ಷದ ಶುಭಾಶಯ ಹೇಳುತ್ತದೆ, ಆಮೇಲೆ ಮತ್ತೆ ಮೊದಲಿನಿಂದ ಆರಂಭ. ಅದರ ನಂತರ ತಂದೆ ಸ್ಟ್ರಾಸ್ 1848ರಲ್ಲಿ ಬರೆದ ರಾಡೆಟ್ಸ್ಕಿ ಮಾರ್ಚ್, ಸಭಿಕರ ಚಪ್ಪಾಳೆಯ ತಾಳದೊಂದಿಗೆ. ಒಂದು ವರ್ಷ ಮಾತ್ರ ಅದನ್ನು ನುಡಿಸಲಿಲ್ಲ: 2004ರ ಡಿಸೆಂಬರ್ 26ರ ಸುನಾಮಿ ನಮ್ಮ ಕರಾವಳಿಗಳನ್ನೂ ಸೇರಿ ಹಿಂದೂ ಮಹಾಸಾಗರದ ತೀರಗಳನ್ನು ಕೊಚ್ಚಿದ ಮೇಲೆ ಬಂದ 2005ರ ಜನವರಿ ಒಂದರಂದು ಕಚೇರಿ ಡ್ಯಾನ್ಯೂಬ್‌ನೊಂದಿಗೇ ಮುಗಿಯಿತು.

ಈ ಸಂಗೀತವನ್ನು ಮುಂದುವರಿಸುವ ವೃಂದ ಇದೊಂದೇ ಅಲ್ಲ. 1966ರಲ್ಲಿ ವಿಯೆನ್ನಾದಲ್ಲಿ ಸ್ಟ್ರಾಸ್ ಹೆಸರಿನದೇ ವೃಂದವೊಂದು ಎಡ್ವರ್ಡ್‌ನ ಮೊಮ್ಮಗನ ನೇತೃತ್ವದಲ್ಲಿ ಆರಂಭವಾಯಿತು. ನೆದರ್‌ಲ್ಯಾಂಡ್ಸ್‌ನ ಆಂಡ್ರೆ ರ‍್ಯೂ 1987ರಲ್ಲಿ ಹನ್ನೆರಡು ಮಂದಿಯೊಡನೆ ಕಟ್ಟಿದ ಯೋಹಾನ್ ಸ್ಟ್ರಾಸ್ ಆರ್ಕೆಸ್ಟ್ರಾ, ಬಯಲು ಚೌಕಗಳಲ್ಲಿ ಸಾವಿರಾರು ಜನರನ್ನು ಕುಣಿಸುತ್ತ, ವಾಲ್ಟ್ಸ್ ಅನ್ನು ಅದು ಹುಟ್ಟಿದ ಜನರ ನಡುವೆ ಮರಳಿ ತಂದಿದೆ. ಹೆಸರಿನ ವಿಷಯಕ್ಕೆ ಬಂದದ್ದರಿಂದ ಒಂದು ಮಾತು: ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ನೆರವಿನಿಂದ 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಪ್ರಯೋಗ ಕಂಡ ‘ಕೊನೆಯ ನಾಲ್ಕು ಗೀತೆಗಳು’ ರಿಚರ್ಡ್ ಸ್ಟ್ರಾಸ್‌ನವು; ಆತನಿಗೂ ಈ ಕುಟುಂಬಕ್ಕೂ ನಂಟಿಲ್ಲ. ಕನ್ನಡದ ಓದುಗರು ಇಬ್ಬರನ್ನು ಬೆರೆಸುವುದು ಸಹಜವಾದ್ದರಿಂದ ಹೇಳಿದೆ.

ಫಿಲ್ಹಾರ್ಮೋನಿಕ್‌ನ ದೊಡ್ಡ ಲೋಪ ಬೇರೆಡೆ ಇತ್ತು. ಮಹಿಳೆಯರನ್ನು ಪೂರ್ಣ ಸದಸ್ಯರನ್ನಾಗಿ ಸೇರಿಸಲು ಅದು 1997ರವರೆಗೆ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಹಾರ್ಪ್ ವಾದಕಿ ಆನಾ ಲೆಲ್ಕೆಸ್ ಎರಡು ದಶಕಕ್ಕೂ ಹೆಚ್ಚು ಕಾಲ ಅದೇ ವೃಂದದಲ್ಲಿ ಸದಸ್ಯತ್ವವಿಲ್ಲದೆ ನುಡಿಸಿದ್ದರು. 2011ರಲ್ಲಿ ಅಲ್ಬೆನಾ ಡಾನೈಲೊವಾ, ರೊಸೆ ಮತ್ತು ಬೊಸ್ಕೊವ್ಸ್ಕಿ ಕೂತಿದ್ದ ಸಾಲಿಗೆ, ಮೊದಲ ಪಿಟೀಲುಗಾರರಲ್ಲಿ ಒಬ್ಬರಾಗಿ ಬಂದರು.

ಸ್ಟ್ರಾಸ್‌ನ ದ್ವಿಶತಮಾನೋತ್ಸವದ 2025ರ ಜನವರಿ ಒಂದರಂದು, ರಿಕಾರ್ಡೊ ಮುತಿ ನಡೆಸಿದ ಕಚೇರಿಯಲ್ಲಿ, ಈ ಕಾರ್ಯಕ್ರಮದ ಇತಿಹಾಸದಲ್ಲೇ ಮೊದಲ ಸಲ ಮಹಿಳೆಯೊಬ್ಬರ ರಚನೆ ಕೇಳಿಬಂತು. ವಿಯೆನ್ನಾದ ಕಾನ್‌ಸ್ಟಾನ್ಸ್ ಗೈಗರ್ ಎಂಬಾಕೆ ಹನ್ನೆರಡರ ವಯಸ್ಸಿನಲ್ಲಿ ಬರೆದ ‘ಫರ್ಡಿನಾಂಡ್ ವಾಲ್ಟ್ಸ್’ ಅದು. ಅಲ್ಲಿ ಕೂತಿದ್ದ ವಾದಕರಿಗೆ ಆ ಕೃತಿಯನ್ನು ಕಲಿಸಿದ ಹಿರಿಯರು ಇರಲಿಲ್ಲ, ಹಳೆಯ ಧ್ವನಿಮುದ್ರಿಕೆ ಇರಲಿಲ್ಲ. ಮುಂದಿದ್ದದ್ದು ವೃಂದಕ್ಕೆ ಹೊಸದಾಗಿ ಹೊಂದಿಸಿದ ಹಾಳೆಗಳು, ಅವುಗಳಲ್ಲಿ ಎಂದಿನಂತೆ ಸಮಾನ ಬೆಲೆಯ ಮೂರು ಸ್ವರಗಳು. ಬಾಸ್ ಮೊದಲ ಎಣಿಕೆಯನ್ನು ನೆಲಕ್ಕೆ ಇಳಿಸಿತು, ಎರಡನೆಯ ಸಾಲಿನ ಕಮಾನುಗಳು ಒಂದಿಷ್ಟು ಮೊದಲೇ ತಂತಿಗೆ ಇಳಿದವು, ಮೂರನೆಯದು ತಡೆದು ಬಂತು.